ಮೇಡಂಗೆ ಹುಷಾರಿಲ್ಲ, ಪಾಸೋವರ್ ಕೊಡಿ

ಫ್ಯಾಮಿಲಿ ಕೋರ್ಟ್ ಪ್ರಾಕ್ಟೀಸ್ ಅಂದ್ರೆ ಹೊರಗಿನವ್ರಿಗೆ ಡಿವೋರ್ಸ್ ಕೊಡ್ಸೋ ಕೆಲಸ ಅಷ್ಟೇ. ಆದ್ರೆ ಬೆಂಗಳೂರಿನ ಫ್ಯಾಮಿಲಿ ಕೋರ್ಟ್ ಇರೋ ನ್ಯಾಯದೇಗುಲದಲ್ಲಿ ನಾವು ವಕೀಲರು ಬೆಳಿಗ್ಗೆಯಿಂದ ಸಂಜೆವರೆಗೂ ಕೇಳೋದು ಇನ್ನೊಬ್ರ ಮನೆ ಒಳಗಿನ ಮಾತು. ಯಾರು ಯಾರಿಗೆ ಹೊಡೆದ್ರು, ಮಗು ಯಾರ ಹತ್ರ ಇರ್ಬೇಕು, ಜೀವನಾಂಶ ಎಷ್ಟು, ಇದನ್ನೆಲ್ಲ ಪಿಟಿಷನ್‌ಗೆ ಇಳಿಸಿ ಸಂಜೆ ಆಫೀಸಿಗೆ ಬಂದ್ರೆ ಅಲ್ಲಿ ಇನ್ನೊಬ್ರು ಕಣ್ಣೀರು ಹಾಕ್ಕೊಂಡು ಕೂತಿರ್ತಾರೆ, ಮಲಗೋ ಹೊತ್ತಿಗೆ ವಾಟ್ಸಾಪ್‌ನಲ್ಲಿ "ಮೇಡಂ, ಅವ್ರು ಗೇಟ್ ಹತ್ರ ಬಂದು ನಿಂತಿದ್ದಾರೆ, ಏನ್ ಮಾಡ್ಲಿ" ಅಂತ.

ಆ ಗುರುವಾರ ಒಂದು ಕಸ್ಟಡಿ ಕೇಸಲ್ಲಿ ಕ್ರಾಸ್ (ಪಾಟೀಸವಾಲು) ಇತ್ತು, ನಾನು ತಂದೆ ಕಡೆ. ಕಾರಿಡಾರಲ್ಲಿ ಆ ಹುಡುಗ ಅಮ್ಮನ ವೇಲ್ ತುದಿನ ಬೆರಳಿಗೆ ಸುತ್ಕೊಂಡು ನಿಂತಿದ್ದ, ಬೆರಳು ಬೆಳ್ಳಗಾಗೋವಷ್ಟು ಬಿಗಿಯಾಗಿ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು. ಇನ್ನು ಸ್ವಲ್ಪ ಹೊತ್ತಿಗೆ ಆ ಅಮ್ಮನ್ನೇ ನಾನು ಪ್ರಶ್ನೆ ಮಾಡ್ಬೇಕು. ಕೊರಳಿಗೆ ವಕೀಲರ ಬಿಳಿ ಬ್ಯಾಂಡ್ ಕಟ್ಕೊಳೋಕೆ ಹೋದ್ರೆ ಕೈ ನಡುಗ್ತಿದೆ, ಎದೆ ಹಿಡ್ಕೊಂಡ ಹಾಗಾಯ್ತು, ಉಸಿರು ಪೂರ್ತಿ ಒಳಗೇ ಹೋಗ್ತಿಲ್ಲ. ಕೆಲವು ವಾರದಿಂದ ನಿದ್ದೆ ಇರ್ಲಿಲ್ಲ, ಮನೇಲಿ ಸಣ್ಣದಕ್ಕೂ ರೇಗ್ತಿದ್ದೆ, ಕೆಲಸದ ಒತ್ತಡ ಅಂದ್ಕೊಂಡಿದ್ದೆ.

ನನ್ನ ಜೂನಿಯರ್ ಹುಡುಗಿ ಫೈಲ್ ಕಸ್ಕೊಂಡ್ಲು. "ನೀವು ಇಲ್ಲೇ ಕೂತ್ಕೊಳಿ ಮೇಡಂ, ನಾನು ನೋಡ್ಕೋತೀನಿ" ಅಂತ ಒಳಗೆ ಹೋಗಿ, ಮೇಡಂಗೆ ಹುಷಾರಿಲ್ಲ ಅಂತ ಪಾಸೋವರ್ ಕೇಳಿದ್ಲು, ಅಂದ್ರೆ ಕೇಸನ್ನ ಅವತ್ತೇ ಸ್ವಲ್ಪ ಹೊತ್ತು ಬಿಟ್ಟು ಕರೀರಿ ಅಂತ. ಕೊಟ್ರು. ಮಧ್ಯಾಹ್ನಾನೂ ಆಗ್ದೇ ಇದ್ದಾಗ ಮುಂದಿನ ವಾಯಿದೆನೂ ಸಿಕ್ತು. ಇನ್ನೊಂದು ಕೋರ್ಟ್ ಹಾಲ್‌ನಲ್ಲಿ ಕೇಸ್ ಇದೆ ಅಂದ್ರೆ ನಾವೆಲ್ಲ ಸಲೀಸಾಗಿ ಪಾಸೋವರ್ ಕೇಳ್ತೀವಲ್ಲ, ಇದೂ ಅಷ್ಟೇ ಸಹಜ ಆಗ್ಬೇಕು. ಆದ್ರೆ ನಡೆದಿದ್ದನ್ನ ಹೇಳಿದಾಗ ಒಬ್ಬ ಹಿರಿಯರು "ಯಾರ ಹತ್ರಾನೂ ಹೇಳ್ಬೇಡಮ್ಮ, ಜ್ವರ ಅನ್ನು, ಕ್ಲೈಂಟ್ಸ್ ಓಡಿಹೋಗ್ತಾರೆ" ಅಂದ್ರು, ನನ್ನ ಒಳ್ಳೇದಕ್ಕೇ ಹೇಳಿದ್ದು, ಆದ್ರೂ ತುಂಬಾ ನೋವಾಯ್ತು.

ಇಸಿಜಿ ನಾರ್ಮಲ್ ಇತ್ತು. ಪ್ಯಾನಿಕ್ ಅಟ್ಯಾಕ್ ಅಂದ ಡಾಕ್ಟರು ಕೌನ್ಸೆಲಿಂಗ್‌ಗೆ ಕಳಿಸಿದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಮ್ಮ ಚಿಕಿತ್ಸೆ ವಿವರ ಗೌಪ್ಯವಾಗಿ ಇಡ್ಬೇಕು, ಇದನ್ನ ಕಕ್ಷಿದಾರರಿಗೆ ನಾನೇ ಎಷ್ಟೋ ಸಲ ವಿವರಿಸಿದೀನಿ, ಆದ್ರೂ ಅಲ್ಲಿ ಫಾರ್ಮ್ ಮೇಲೆ ವೃತ್ತಿ ಅಂತಿರೋ ಕಡೆ ವಕೀಲೆ ಅಂತ ಬರೆಯೋಕೆ ಪೆನ್ನು ಮುಂದಕ್ಕೇ ಹೋಗ್ಲಿಲ್ಲ.

ಈಗ ರಾತ್ರಿ ಫೋನ್ ಎತ್ತಲ್ಲ, ಅರ್ಜೆಂಟ್ ಇದ್ರೆ 112ಗೆ ಮಾಡಿ ಅಂತ ಮೊದಲನೇ ದಿನವೇ ಹೇಳ್ತೀನಿ. ಜೂನಿಯರ್ಸ್ ಕಷ್ಟ ಇನ್ನೂ ಬೇರೆ. ಸಿಟಿಯಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಹೇಳ್ತು, ಆದ್ರೆ ಅದು ಶಿಫಾರಸು, ಕಡ್ಡಾಯ ಅಲ್ಲ. ಪಿಜಿ ಬಾಡಿಗೆ ಚಿಂತೇಲಿರೋ ಹುಡುಗ್ರು ದುಡ್ಡು ಕೊಟ್ಟು ಕೌನ್ಸೆಲರ್ ಹತ್ರ ಎಲ್ಲಿಂದ ಹೋಗ್ತಾರೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಫ್ರೀ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೂ ಮಾತಾಡ್ತಾರೆ, ದಯವಿಟ್ಟು ಸೇವ್ ಮಾಡ್ಕೊಳಿ.

ವಕೀಲರ ಸಂಘದ ಎಲೆಕ್ಷನ್ ಬಂದಾಗ ಪಾರ್ಕಿಂಗ್, ಕ್ಯಾಂಟೀನ್, ಇನ್ಶೂರೆನ್ಸ್ ಅಂತ ಎಲ್ರೂ ಭರವಸೆ ಕೊಡ್ತಾರೆ. ಈ ಸಲ ವೋಟ್ ಕೇಳೋಕೆ ಬಂದವ್ರನ್ನೆಲ್ಲ ನಾನು ಕೇಳೋದು ಒಂದೇ, ಕೋರ್ಟ್ ಆವರಣದಲ್ಲಿ ವಕೀಲರಿಗೆ ಅಂತ ಒಬ್ರು ಕೌನ್ಸೆಲರ್‌ನ ಯಾವಾಗ ಕೂರಿಸ್ತೀರಿ?