ಅಲಿಪ್ತ ನಾಡು ಬಣ ಸೇರಿದಾಗ

2024ರ ಮಾರ್ಚ್ 7ರಂದು ನಾನು ನೆಲೆಸಿರುವ ಸ್ವೀಡನ್ ನ್ಯಾಟೋ ಸೇನಾ ಒಕ್ಕೂಟವನ್ನು ಸೇರಿದ ಸುದ್ದಿ ಕೇಳಿ, ದಾವಣಗೆರೆಯಿಂದ ಚಿಕ್ಕಪ್ಪ ಫೋನ್ ಮಾಡಿ, ಇನ್ನು ನಿಮಗೆ ರಷ್ಯಾದ ಭಯವಿಲ್ಲವಲ್ಲ ಎಂದು ಸಮಾಧಾನಪಟ್ಟರು. ಸೈನ್ಯಬಲದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಇಲ್ಲಿನ ಹಿರಿಯ ಸಹೋದ್ಯೋಗಿಗಳಲ್ಲಿ ನಾನು ಕಂಡದ್ದು ನೆಮ್ಮದಿಗಿಂತ ಹೆಚ್ಚಾಗಿ ಕಸಿವಿಸಿ. 1814ರಲ್ಲಿ ನಾರ್ವೆಯೊಡನೆ ನಡೆದದ್ದೇ ತಮ್ಮ ಕೊನೆಯ ಯುದ್ಧವೆಂದು ಓದಿ ಬೆಳೆದ, ಎರಡು ಮಹಾಯುದ್ಧಗಳಲ್ಲೂ ತಟಸ್ಥವಾಗಿ ಉಳಿದ, ವಿಯೆಟ್ನಾಂ ಯುದ್ಧಕ್ಕಾಗಿ ಅಮೆರಿಕವನ್ನು ಬಹಿರಂಗವಾಗಿ ಖಂಡಿಸಿದ ಒಲೋಫ್ ಪಾಲ್ಮೆಯವರನ್ನು ಪ್ರಧಾನಿಯಾಗಿ ಕಂಡ ಈ ಜನರಿಗೆ, ಯಾವ ಬಣಕ್ಕೂ ಸೇರದಿರುವುದು ಬರಿಯ ವಿದೇಶಾಂಗ ನೀತಿಯಾಗಿರಲಿಲ್ಲ. ತಾವು ಎಂಥವರು ಎಂಬುದರ ಗುರುತಾಗಿತ್ತು.

ವಿದ್ವಾಂಸರು ಇದನ್ನು ಅಸ್ತಿತ್ವದ ಭದ್ರತೆಯ, ಅಂದರೆ ತಾನು ಯಾರೆಂಬ ಅರಿವು ಅಲುಗಾಡದೆ ಉಳಿಯುವ ನೆಮ್ಮದಿಯ, ಪ್ರಶ್ನೆಯಾಗಿ ನೋಡುತ್ತಾರೆ. ಮನೋವೈದ್ಯ ಆರ್.ಡಿ. ಲೈಂಗ್ 1960ರಲ್ಲಿ ವ್ಯಕ್ತಿಗಳ ಬಗ್ಗೆ ಬಳಸಿದ ಈ ಪರಿಕಲ್ಪನೆಯನ್ನು ಸಮಾಜಶಾಸ್ತ್ರಜ್ಞ ಆಂಥನಿ ಗಿಡೆನ್ಸ್ ಬೆಳೆಸಿದರು. 2006ರಲ್ಲಿ ರಾಜ್ಯಶಾಸ್ತ್ರಜ್ಞೆ ಜೆನಿಫರ್ ಮಿಟ್ಜೆನ್ ಅದನ್ನು ದೇಶಗಳಿಗೆ ಅನ್ವಯಿಸಿದರು. ಗಡಿಯನ್ನು ಕಾಯುವಷ್ಟೇ ಆಸ್ಥೆಯಿಂದ ದೇಶಗಳು ತಮ್ಮ ಸ್ವರೂಪವನ್ನೂ ಕಾಯುತ್ತವೆ, ರೂಢಿಯಾದ ಹಗೆತನವು ನಷ್ಟ ತಂದರೂ ಅದು ತಮ್ಮ ಗುರುತನ್ನು ಗಟ್ಟಿಮಾಡುವುದರಿಂದ ಅದನ್ನೇ ಹಿಡಿದುಕೊಳ್ಳಬಹುದು ಎಂಬುದು ಅವರ ವಾದ. ಉಪಖಂಡದಿಂದ ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾಟನ್ ಮಿಲ್ಲುಗಳು ಮುಚ್ಚಿ ದಾವಣಗೆರೆ ಕಾಲೇಜುಗಳ ಊರಾದ ಮೇಲೂ ನಮ್ಮ ಹಿರಿಯರು ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ಪರಿಚಯಿಸುತ್ತಾರೆ. ಬದಲಾವಣೆಯನ್ನು ಒಪ್ಪಿಕೊಳ್ಳುವಾಗಲೂ ಹಳೆಯದರ ಒಂದು ಎಳೆ ಕೈಯಲ್ಲಿರಬೇಕೆಂಬ ಆ ಹಂಬಲವನ್ನು ನಾನು ಇಲ್ಲಿಯೂ ಕಂಡೆ. ಯುದ್ಧ ಬಂದರೆ ಏನು ಮಾಡಬೇಕೆಂದು ತಿಳಿಸುವ ಸ್ವೀಡನ್ನಿನ ಸರ್ಕಾರಿ ಕೈಪಿಡಿ ಮೊದಲು ಹೊರಬಂದದ್ದು 1943ರಲ್ಲಿ. 2024ರ ನವೆಂಬರ್‌ನಲ್ಲಿ ಮನೆಮನೆಗೂ ತಲುಪಿದ ಹೊಸ ಆವೃತ್ತಿಯಲ್ಲಿ ನ್ಯಾಟೋ ಪ್ರಸ್ತಾಪವಿದೆ. ಆದರೆ ಪ್ರತಿರೋಧ ನಿಲ್ಲಿಸಿರೆಂದು ಯಾರೇ ಹೇಳಿದರೂ ಅದು ಸುಳ್ಳೆಂದು ತಿಳಿಯಿರಿ ಎಂಬ ಹಳೆಯ ಎಚ್ಚರಿಕೆಯೂ ಹಾಗೆಯೇ ಉಳಿದಿದೆ.

ನನ್ನ ದೃಷ್ಟಿಯಲ್ಲಿ ನಿಜವಾದ ಪೆಟ್ಟು ಬಿದ್ದದ್ದು ಸದಸ್ಯತ್ವದಿಂದಲ್ಲ, ಅದಕ್ಕೆ ಒಪ್ಪಿಗೆ ಕೊಡಬೇಕಿದ್ದ ನ್ಯಾಟೋ ಸದಸ್ಯ ಟರ್ಕಿಯೊಡನೆ 2022ರ ಜೂನ್ 28ರಂದು ಮ್ಯಾಡ್ರಿಡ್‌ನಲ್ಲಿ ಮಾಡಿಕೊಂಡ ಒಪ್ಪಂದದಿಂದ. ಟರ್ಕಿ ಶತ್ರುವೆಂದು ಕಾಣುವ ಸಿರಿಯಾದ ಕುರ್ದಿಶ್ ಪಡೆಗಳಿಗೆ ಬೆಂಬಲ ನೀಡುವುದಿಲ್ಲ, ಟರ್ಕಿ ಕೇಳಿದವರ ಹಸ್ತಾಂತರದ ಅರ್ಜಿಗಳನ್ನು ಬೇಗನೆ ಪರಿಶೀಲಿಸುತ್ತೇವೆ ಎಂದು ಆಗ ಸ್ವೀಡನ್ ಒಪ್ಪಿಕೊಂಡಿತು. ನಿರಾಶ್ರಿತರಿಗೆ ಆಸರೆಯಾದ ನಾಡೆಂಬ ಹೆಮ್ಮೆ ಇಲ್ಲಿಯವರಿಗೆ ತಟಸ್ಥತೆಯಷ್ಟೇ ಆಳವಾದದ್ದು. ನ್ಯಾಟೋ ಸೇರಿದ್ದನ್ನು ಸಮರ್ಥಿಸುವ ನನ್ನ ಗೆಳೆಯರೂ ಈ ಒಪ್ಪಂದದ ಮಾತು ಬಂದಾಗ ಇಂದಿಗೂ ಎರಡು ಪಕ್ಷವಾಗುತ್ತಾರೆ.