ಪೋಸ್ಟ್‌ಪಂಕ್ ಟ್ರ್ಯಾಕ್: ಡ್ರಮ್ಸ್, ಬೇಸ್ ಮುಗಿದವು, ಗಿಟಾರ್ ಅರ್ಧ

ವಾದ್ಯ, ಮೈಕಿನ ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಎರಡು ಚಾನೆಲ್ಲಿನ ಆಡಿಯೊ ಇಂಟರ್‌ಫೇಸ್, ಒಂದು ಬೇಸ್, ಒಂದು ಎಲೆಕ್ಟ್ರಿಕ್ ಗಿಟಾರ್, ಒಂದು ಡೈನಮಿಕ್ ಮೈಕ್, ಡ್ರಮ್ಸಿಗೆ ಹೈಹ್ಯಾಟ್ ಮತ್ತು ಫ್ಲೋರ್ ಟಾಮ್, ಒಂದು ಲ್ಯಾಪ್‌ಟಾಪ್. ಇಷ್ಟನ್ನೇ ಇಟ್ಟುಕೊಂಡು, ಪಂಕ್ ರಾಕ್‌ನ ಬೆನ್ನಿಗೆ ಬಂದ 1979ರ ಬ್ರಿಟಿಷ್ ಪೋಸ್ಟ್‌ಪಂಕ್ ಕಟ್ಟಿಕೊಂಡಿದ್ದ ರೀತಿಯಲ್ಲೇ ನಾಲ್ಕು ನಿಮಿಷದ ಒಂದು ಹಾಡು ಮಾಡುವುದು ಗುರಿ. ವೇಗ 150 ಬಿಪಿಎಂ, ಅಂದರೆ ನಿಮಿಷಕ್ಕೆ 150 ಬೀಟ್. ಲೆಕ್ಕಕ್ಕೂ ಸಲೀಸು: ಒಂದು ಬೀಟ್ 400 ಮಿಲಿಸೆಕೆಂಡ್, ಅರ್ಧ 200, ಕಾಲು 100.

ಮಾದರಿಗೆ ಮೂರು ತಂಡ: ಮ್ಯಾಂಚೆಸ್ಟರ್ ಕಡೆಯ ಜಾಯ್ ಡಿವಿಷನ್, ಲೀಡ್ಸಿನ ಗ್ಯಾಂಗ್ ಆಫ್ ಫೋರ್, ಸೆಕ್ಸ್ ಪಿಸ್ಟಲ್ಸ್ ಬಿಟ್ಟ ಮೇಲೆ ಜಾನ್ ಲೈಡನ್ ಕಟ್ಟಿದ ಪಬ್ಲಿಕ್ ಇಮೇಜ್ ಲಿಮಿಟೆಡ್. ಒಂದರ ಬೆನ್ನಿಗೆ ಒಂದು ಹಾಕಿ ಕೇಳಿದರೆ ಸದ್ದಿನಲ್ಲಿ ಹೋಲಿಕೆಯೇ ಸಿಗುವುದಿಲ್ಲ. ಮೊದಲನೆಯದರಲ್ಲಿ ಪ್ರತಿಧ್ವನಿ, ಎರಡನೆಯದು ಪೂರ್ತಿ ಒಣ, ಮೂರನೆಯದರಲ್ಲಿ ಜಮೈಕಾದ ಡಬ್‌ನಿಂದ (ಬೇಸ್, ಡ್ರಮ್ಸ್ ಮುಂದಿಟ್ಟ ರೆಗೆ ಸಂಗೀತ) ಬಂದ ಬೇಸ್. ಮೂರಕ್ಕೂ ಒಂದೇ ಹೆಸರು ಒಪ್ಪುವುದು ವಾದ್ಯಗಳ ಕೆಲಸ ಅದಲುಬದಲಾಗಿರುವುದರಿಂದ. ಪಂಕ್‌ನಲ್ಲಿ ಗಿಟಾರಿನ ಕಾರ್ಡುಗಳೇ ಎಲ್ಲವನ್ನೂ ತುಂಬಿಕೊಳ್ಳುತ್ತಿದ್ದವು. ಇಲ್ಲಿ ಗಿಟಾರ್ ಬಿಟ್ಟುಬಿಟ್ಟು ನುಡಿಯುತ್ತದೆ, ಹಾಡಿನ ಎಳೆ ಬೇಸ್ ಕೈಗೆ ಹೋಗುತ್ತದೆ, ಡ್ರಮ್ಸ್ ಮುಂದಕ್ಕೆ ಬರುತ್ತದೆ. ಎಲ್ಲದಕ್ಕೂ ಕೋರಸ್ ಪೆಡಲ್ (ಒಂದೇ ವಾದ್ಯವನ್ನು ಹಲವರು ನುಡಿಸಿದ ಹಾಗೆ ಸದ್ದನ್ನು ತುಸು ಅಲುಗಿಸುವ ಸಾಧನ) ಹಾಕಿ, ದನಿ ತಗ್ಗಿಸಿ ಹಾಡಿದರೆ ಪೋಸ್ಟ್‌ಪಂಕ್ ಆಯಿತೆನ್ನುವ ಈಚಿನ ರೂಢಿ ನಮಗೆ ಒಪ್ಪಿಗೆಯಿಲ್ಲ. ಗ್ಯಾಂಗ್ ಆಫ್ ಫೋರ್‌ನ ಮೊದಲ ಆಲ್ಬಮ್ಮಿನ ಗಿಟಾರಿನಲ್ಲಿ ಕೋರಸ್ ಎಲ್ಲಿದೆ, ಹುಡುಕಿ ನೋಡಿ.

ಡ್ರಮ್ಸ್: ಮುಗಿದಿದೆ

ಜಾಯ್ ಡಿವಿಷನ್‌ನ ಮೊದಲ ಆಲ್ಬಮ್ 1979ರ ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೊದಲ್ಲಿ ರೆಕಾರ್ಡ್ ಆಯಿತು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮರ್ ಸ್ಟೀಫನ್ ಮಾರಿಸ್ ಕೈಯಲ್ಲಿ ಡ್ರಮ್ಮುಗಳನ್ನು ಬಿಡಿಬಿಡಿಯಾಗಿ ನುಡಿಸಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಚುರುಕು ಸದ್ದಿನ ಸ್ನೇರ್ ಡ್ರಮ್ಮಿನ ಮೈಕಿಗೆ ಹೈಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ನುಸುಳದಿದ್ದರೆ ಸ್ನೇರಿಗೆ ಮಾತ್ರ ಡಿಲೇ, ಅಂದರೆ ಸದ್ದನ್ನು ತಡವಾಗಿ ಮರುಕಳಿಸುವ ಎಫೆಕ್ಟ್, ಹಾಕಬಹುದು. ನುಸುಳಿದರೆ ಹೈಹ್ಯಾಟೂ ಜೊತೆಗೆ ಮರುಕಳಿಸಿ ಇಡೀ ಬೀಟ್ ಕಲಸಿಹೋಗುತ್ತದೆ.

ನಮ್ಮಲ್ಲಿ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಮತ್ತು ಸ್ನೇರ್ ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಆದ ಸದ್ದಿನ ತುಣುಕು. ಹೈಹ್ಯಾಟ್ ಮತ್ತು ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್ ಡ್ರಮ್ ಕೈಯಲ್ಲಿ ನುಡಿಸಿದ್ದು, ಒಂದೇ ಮೈಕಿನಲ್ಲಿ ಬೇರೆ ಬೇರೆ ಟೇಕ್. ಹೈಹ್ಯಾಟ್ ಒಂದನ್ನೇ ನುಡಿಸುವಾಗ ಕೈ ಓಡತೊಡಗುತ್ತದೆ, ಯಾಕೆಂದರೆ ಎಡಗೈಗೆ ಕೆಲಸವಿಲ್ಲ. ಸ್ನೇರ್ ಇರಬೇಕಾದ ಜಾಗದಲ್ಲಿ ದಿಂಬು ಇಟ್ಟು ಎರಡು ಮತ್ತು ನಾಲ್ಕನೇ ಬೀಟಿಗೆ ಹೊಡೆಯುತ್ತ ಹೋದರೆ ಲಯ ನೆಟ್ಟಗಾಗುತ್ತದೆ. ದಿಂಬಿನ ಸದ್ದು ಮೈಕಿಗೆ ಬೀಳುವುದಿಲ್ಲ. ಸ್ನೇರಿನ ವೆಲಾಸಿಟಿ, ಅಂದರೆ ಪೆಟ್ಟಿನ ಜೋರು, ಎಲ್ಲ ಪೆಟ್ಟಿಗೂ ಒಂದೇ, 110. ಯಂತ್ರದ ಹಾಗಿದೆ ಎಂದು ಅದನ್ನು ಸಡಿಲಿಸಲು ಹೋಗಬೇಡಿ, ಆ ಬಿಗಿಯೇ ಬೇಕು. ಕ್ರ್ಯಾಶ್ ಸಿಂಬಲ್ ಇಲ್ಲವೇ ಇಲ್ಲ. ಭಾಗ ಬದಲಾಗುವಲ್ಲಿ ಒಂದು ಬೀಟ್ ಖಾಲಿ.

ಸ್ನೇರಿಗೆ ಒಂದೇ ಮರುಕಳಿಕೆಯ ಡಿಲೇ: 35 ಮಿಲಿಸೆಕೆಂಡ್, ಫೀಡ್‌ಬ್ಯಾಕ್ ಸೊನ್ನೆ, 6 ಕಿಲೋಹರ್ಟ್ಜ್‌ನಿಂದ ಮೇಲೆ ಕತ್ತರಿ, ಮೂಲಕ್ಕಿಂತ 8 ಡೆಸಿಬೆಲ್ ಕೆಳಗೆ. 20ಕ್ಕಿಂತ ಕೆಳಗಿಳಿಸಿದರೆ ಎರಡು ಸದ್ದೂ ಒಂದನ್ನೊಂದು ತಿಂದು ಸ್ನೇರ್ ತಗಡಾಗುತ್ತದೆ. 50 ದಾಟಿಸಿದರೆ ಎರಡು ಪೆಟ್ಟು ಬಿದ್ದ ಹಾಗೆ ಕೇಳುತ್ತದೆ. ಪ್ಲೇಟ್ ರಿವರ್ಬ್ (ಕೋಣೆಯ ಗುಂಗಿನಂಥ ಪ್ರತಿಧ್ವನಿ) 1.8 ಸೆಕೆಂಡ್, ಅದು ಶುರುವಾಗುವ ಮುಂಚಿನ ಬಿಡುವು, ಪ್ರಿ-ಡಿಲೇ, 40 ಮಿಲಿಸೆಕೆಂಡ್, ಸ್ನೇರ್ ಮತ್ತು ಟಾಮ್‌ಗೆ ಮಾತ್ರ. ಕಿಕ್ ಒಣಗಿಯೇ ಇರಲಿ.

ಬೇಸ್: ಮುಗಿದಿದೆ, ಹೆಚ್ಚು ಸತಾಯಿಸಿದ್ದೂ ಇದೇ

ಜಾಯ್ ಡಿವಿಷನ್‌ನ ಬೇಸ್ ವಾದಕ ಪೀಟರ್ ಹುಕ್ ಬೇಸಿನ ಮೇಲಿನ ಫ್ರೆಟ್ಟುಗಳಿಗೆ (ಕತ್ತಿನ ಮೇಲಿನ ಲೋಹದ ಮನೆಗಳು) ಏರಿದ್ದು ಸಿದ್ಧಾಂತಕ್ಕಲ್ಲ. ಅಭ್ಯಾಸದ ಕೋಣೆಯಲ್ಲಿ ಗಿಟಾರ್ ಜೋರು, ಅವರ ಆಂಪ್ ಸುಮಾರಿನದು. ಮೇಲೆ ನುಡಿಸಿದರೆ ಮಾತ್ರ ತನಗೆ ತನ್ನ ಸದ್ದು ಕೇಳುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ.

ನಮ್ಮ ಎಳೆ ಡಿ ತಂತಿಯ 7ನೇ ಫ್ರೆಟ್ಟಿನಿಂದ ಜಿ ತಂತಿಯ 14ನೇ ಫ್ರೆಟ್ಟಿನವರೆಗೆ, ಅಂದರೆ 110ರಿಂದ 220 ಹರ್ಟ್ಜ್. ಎಳೆ ಜಿ ತಂತಿಯಲ್ಲಿರುವಾಗ ತೆರೆದ ಡಿ ತಂತಿ ತಂಬೂರಿಯ ಹಾಗೆ ಕೆಳಗೆ ಶ್ರುತಿ ಹಿಡಿದಿರುತ್ತದೆ. ತಂತಿ 45–105ರ ರೌಂಡ್‌ವೌಂಡ್, ಹೊಸದು. ಪಿಕ್ 1 ಮಿಲಿಮೀಟರ್, ಹೊಡೆತ ಬ್ರಿಡ್ಜಿನ ಹತ್ತಿರ.

ಎಡವುವುದು ಇಂಟೊನೇಷನ್ನಿನಲ್ಲಿ, ಅಂದರೆ ಕತ್ತಿನುದ್ದಕ್ಕೂ ಶ್ರುತಿ ಸರಿಯಾಗಿರುವುದರಲ್ಲಿ. ಕೆಳಗಿನ ಫ್ರೆಟ್ಟುಗಳಲ್ಲಿ ನೆಟ್ಟಗಿರುವ ಕಡಿಮೆ ಬೆಲೆಯ ಬೇಸ್ 12 ದಾಟಿದೊಡನೆ ಶ್ರುತಿ ಏರಿಸಿಬಿಡುತ್ತದೆ. ತೆರೆದ ಡಿ ಜೊತೆಗೇ ಕೂಗುತ್ತಿರುವುದರಿಂದ ಅಪಶ್ರುತಿ ಮುಚ್ಚಿಡಲು ಜಾಗವಿಲ್ಲ. 12ನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ: ಒತ್ತಿದ್ದು ಮೇಲಿದ್ದರೆ ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು, ಸ್ಯಾಡಲ್, ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಸ್ಕ್ರೂ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಬೇಕು. ಹಳೆಯ ತಂತಿಯಲ್ಲಿ ಈ ಕೆಲಸ ಮಾಡಿ ಪ್ರಯೋಜನವಿಲ್ಲ.

ಕೋರಸ್ ಇಲ್ಲಿಗೆ ಮಾತ್ರ. ಇಡೀ ಸಿಗ್ನಲ್ಲಿಗೆ ಹಾಕಿದರೆ ತಳ ಅಲುಗಾಡುತ್ತದೆ. ಟ್ರ್ಯಾಕನ್ನು ಎರಡು ಮಾಡಿ, 200 ಹರ್ಟ್ಜ್‌ನಿಂದ ಕೆಳಗಿನದನ್ನು ಹಾಗೇ ಬಿಟ್ಟು, ಮೇಲಿನದಕ್ಕೆ ಕೋರಸ್: ವೇಗ 0.6 ಹರ್ಟ್ಜ್, ಡೆಪ್ತ್ 30%, ಮಿಕ್ಸ್ 40%. ಬೇಸ್ ಮೇಲೇರಿದ್ದರಿಂದ ಅಡಿ ಖಾಲಿಯಾಗುತ್ತದೆ. ಅದನ್ನು ಕಿಕ್ ತುಂಬಬೇಕು. ಕಿಕ್‌ಗೆ 60 ಹರ್ಟ್ಜ್‌ನಲ್ಲಿ 3 ಡೆಸಿಬೆಲ್ ಏರಿಸಿ, 300ರಲ್ಲಿ ಅಷ್ಟೇ ಇಳಿಸಿದ್ದೇವೆ.

ನಡುವಿನ 16 ಬಾರ್ (ತಾಳದ ಆವರ್ತ) ಪೂರಾ ಉಲ್ಟಾ, ಅಲ್ಲಿ ಮಾದರಿ ಪಬ್ಲಿಕ್ ಇಮೇಜ್ ಲಿಮಿಟೆಡ್‌ನ ಬೇಸ್ ವಾದಕ ಜಾ ವಾಬಲ್. ಆ ತಂಡದ ಎರಡನೇ ಆಲ್ಬಮ್ 1979ರ ನವೆಂಬರ್‌ನಲ್ಲಿ ಬಂದಾಗ 12 ಇಂಚಿನ ಮೂರು ತಟ್ಟೆಗಳನ್ನು ಲೋಹದ ಫಿಲ್ಮ್ ಡಬ್ಬಿಯಲ್ಲಿ ಇಟ್ಟು ಮಾರಿದ್ದರು. ತಟ್ಟೆಗಳು ತಿರುಗುವುದು 45 ಆರ್‌ಪಿಎಂನಲ್ಲಿ. ಒಂದು ಮಗ್ಗುಲಿಗೆ ಕಡಿಮೆ ಸಂಗೀತ, ಹಾಗಾಗಿ ಗೀರು ಅಗಲ, ಬೇಸಿಗೆ ಜಾಗ ಹೆಚ್ಚು. ನಮ್ಮಲ್ಲಿ ಈ ಭಾಗ ತೆರೆದ ಎ ತಂತಿಯ ಮೇಲೆ, 55 ಹರ್ಟ್ಜ್. ಟೋನ್ ನಾಬ್ ಸೊನ್ನೆ, ಬ್ರಿಡ್ಜಿನ ಬಳಿ ತಂತಿಯಡಿ ಸ್ಪಂಜಿನ ತುಂಡು, ಪಿಕ್ ಬದಲು ಬೆರಳು. ಇಲ್ಲಿ ಕಿಕ್ ಜೊತೆ ಡಿಕ್ಕಿ ಖಾತ್ರಿ, ಆದ್ದರಿಂದ ಕಿಕ್ ಬಿದ್ದಾಗಲೆಲ್ಲ ಬೇಸ್ 3 ಡೆಸಿಬೆಲ್ ತಗ್ಗುವಂತೆ ಸೈಡ್‌ಚೈನ್ ಕಟ್ಟಿದೆ, ಮತ್ತೆ ಮೇಲೇರಲು (ರಿಲೀಸ್) 120 ಮಿಲಿಸೆಕೆಂಡ್. ಫೋನಿನ ಸ್ಪೀಕರಿನಲ್ಲಿ ಈ ಭಾಗ ಮಾಯವಾಗುತ್ತಿತ್ತು; ತುಸು ಸ್ಯಾಚುರೇಷನ್ (ಸದ್ದನ್ನು ಕೊಂಚ ಒಡೆಸುವ ಎಫೆಕ್ಟ್) ಸೇರಿಸಿದ ಮೇಲೆ 110, 165ರ ಹಾರ್ಮೋನಿಕ್ಕುಗಳು ಎದ್ದು ಕಿವಿಗೆ ದಾರಿ ಸಿಕ್ಕಿತು.

ಗಿಟಾರ್: ಅರ್ಧ

ಗ್ಯಾಂಗ್ ಆಫ್ ಫೋರ್‌ನ ಗಿಟಾರ್ ವಾದಕ ಆ್ಯಂಡಿ ಗಿಲ್ ವಾಲ್ವ್ ಆಂಪ್ ಬಿಟ್ಟು ಟ್ರಾನ್ಸಿಸ್ಟರ್ ಆಂಪ್ ಹಿಡಿದವರು. ಬೆಚ್ಚಗಿನ ಸದ್ದು ಬೇಡವೆಂದೇ. ಹಾಗಾಗಿ ಆಂಪ್ ಸಿಮ್ಯುಲೇಟರಿನ ಗೊಡವೆಗೆ ಹೋಗದೆ ಗಿಟಾರನ್ನು ನೇರ ಇಂಟರ್‌ಫೇಸಿಗೆ ಚುಚ್ಚಿದ್ದೇವೆ. ಮೇಲಿನ ಶ್ರುತಿಯ ಮೂರು ತೆಳು ತಂತಿ ಮಾತ್ರ, 250 ಹರ್ಟ್ಜ್‌ನಿಂದ ಕೆಳಗೆ ಕತ್ತರಿ. ಬಲಗೈ ನಿಲ್ಲದೆ ಅರ್ಧ ಬೀಟಿಗೊಮ್ಮೆ ಓಡುತ್ತದೆ. ಸದ್ದು ಕಡಿಯುವುದು ಎಡಗೈ. ಬೆರಳನ್ನು ತಂತಿಯಿಂದ ಪೂರ್ತಿ ಎತ್ತಬಾರದು, ಒತ್ತಡ ಬಿಟ್ಟರೆ ಸಾಕು, ‘ಚಕ್’ ಎಂದು ನಿಲ್ಲುತ್ತದೆ. ಪೂರ್ತಿ ಎತ್ತಿದರೆ ತೆರೆದ ತಂತಿ ಗುಂಯ್‌ಗುಡುತ್ತದೆ.

ಇಷ್ಟು ಬಿಡುವಿರುವ ಗಿಟಾರಿನಲ್ಲಿ ಕರೆಂಟಿನ ಹಮ್ಮೇ ದೊಡ್ಡ ಶತ್ರು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಟ್ಯೂಬ್‌ಲೈಟ್ ಆರಿಸಿ, ಗಿಟಾರಿನ ಪಿಕಪ್ ಹಮ್ ಬೇಗ ಹಿಡಿಯುವ ಸಿಂಗಲ್ ಕಾಯಿಲ್ ಆಗಿದ್ದರೆ ಕೂತ ದಿಕ್ಕು ಬದಲಿಸಿ ನೋಡಿ. ಉಳಿದದ್ದಕ್ಕೆ ಗೇಟ್ (ಸಣ್ಣ ಸದ್ದನ್ನು ಮುಚ್ಚಿಬಿಡುವ ಸಾಧನ): ಅಟ್ಯಾಕ್ 1, ಹೋಲ್ಡ್ 40, ರಿಲೀಸ್ 70 ಮಿಲಿಸೆಕೆಂಡ್. ಗೇಟ್ ಮೊದಲು, ಜೋರು-ಮೆಲುವಿನ ಅಂತರ ಕುಗ್ಗಿಸುವ ಕಂಪ್ರೆಸರ್ ಆಮೇಲೆ. ಕ್ರಮ ತಿರುಗಿಸಿದರೆ ಕಂಪ್ರೆಸರ್ ಹಮ್ಮನ್ನೇ ಎತ್ತಿಕೊಡುತ್ತದೆ, ಗೇಟಿಗೆ ಯಾವುದು ಸ್ವರ ಯಾವುದು ಗೊಂಯ್ ಎಂದು ತಿಳಿಯುವುದಿಲ್ಲ.

ನಡುವಿನ ಭಾಗದ ಗಿಟಾರ್ ಬಾಕಿ. ಅಲ್ಲಿ ನಾಲ್ಕು ಬಾರ್‌ಗೆ ಒಂದು ಪೆಟ್ಟು, ಅದಕ್ಕೆ 300 ಮಿಲಿಸೆಕೆಂಡಿನ ಡಿಲೇ, ಅಷ್ಟೇ ಇರಲಿ ಎಂಬ ಯೋಚನೆಯಿದೆ.

ಹಾಡುಗಾರಿಕೆ: ಶುರುವಾಗಿಲ್ಲ

ಸಾಹಿತ್ಯ ಕನ್ನಡದಲ್ಲೇ. ತೊಡಕು ಈಗಲೇ ಕಾಣುತ್ತಿದೆ: ನಮ್ಮ ಪದಗಳು ಹೆಚ್ಚೂಕಮ್ಮಿ ಎಲ್ಲವೂ ಸ್ವರದಲ್ಲೇ ಮುಗಿಯುತ್ತವೆ. ಹಾಡಿದೊಡನೆ ಕೊನೆ ಎಳೆದುಕೊಂಡು, ಗಿಟಾರ್ ಬಿಟ್ಟುಕೊಟ್ಟ ಜಾಗವನ್ನೆಲ್ಲ ತುಂಬುತ್ತದೆ. ‘ಹೋದ್ರೆ’, ‘ನಿಂತ್ಕೊ’ ಥರದ ಆಡುಮಾತಿನಲ್ಲಿ ನಡುವೆ ಒತ್ತಕ್ಷರ ಬಿದ್ದು ಸಾಲು ಮೊಟಕಾಗುತ್ತದೆ, ಗ್ರಾಂಥಿಕ ರೂಪ ಇಲ್ಲಿ ನಡೆಯುವುದಿಲ್ಲ. ಸಾಲಿಗೆ ಎಂಟು ಅಕ್ಷರ ಮೀರದಂತೆ ಬರೆದು, ಮೈಕಿನಿಂದ 10 ಸೆಂಟಿಮೀಟರ್ ದೂರದಲ್ಲಿ, ರಿವರ್ಬ್ ಇಲ್ಲದೆ ಮೊದಲ ಟೇಕ್ ತೆಗೆಯುವುದು ಮುಂದಿನ ಕೆಲಸ.