ಹಣದುಬ್ಬರ ಇಳಿಯಿತಂತೆ, ತೆಂಗಿನೆಣ್ಣೆ ಏಕೆ ಇಳಿಯಲಿಲ್ಲ?

ಬದಿಯಡ್ಕ ಪೇಟೆಗೆ ಹೋದಾಗಲೆಲ್ಲ ಯಾರಾದರೊಬ್ಬರು ತಡೆದು ನಿಲ್ಲಿಸಿ ಕೇಳುತ್ತಾರೆ: “ಮಾಷ್ಟ್ರೇ, ಹಣದುಬ್ಬರ ಇಳಿಯಿತೆಂದು ಪೇಪರಿನಲ್ಲಿ ಬಂದಿದೆ. ಅಂಗಡಿಯಲ್ಲಿ ಒಂದು ಸಾಮಾನಿನ ಬೆಲೆಯೂ ಇಳಿದಿಲ್ಲವಲ್ಲ?” ಅರ್ಥಶಾಸ್ತ್ರ ಕಲಿಸಿದವನು ಎಂಬ ಕಾರಣಕ್ಕೆ ನನ್ನನ್ನು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ದಾರಿಬದಿಯಲ್ಲಿ ನಿಂತು ಹೇಳಿ ಮುಗಿಯದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಣದುಬ್ಬರ ಎಂಬುದು ಬೆಲೆ ಏರುವ ವೇಗದ ಲೆಕ್ಕ. ಲೀಟರಿಗೆ 200 ರೂಪಾಯಿ ಇದ್ದ ಎಣ್ಣೆ ಒಂದು ವರ್ಷದಲ್ಲಿ 400 ಆಯಿತೆನ್ನಿ, ಆ ಎಣ್ಣೆಯ ಮಟ್ಟಿಗೆ ಹಣದುಬ್ಬರ ಶೇ. 100. ಮರುವರ್ಷವೂ 400ರಲ್ಲೇ ನಿಂತರೆ ಹಣದುಬ್ಬರ ಸೊನ್ನೆ. ಪೇಪರಿನವರು ‘ಇಳಿಯಿತು’ ಎಂದು ಬರೆಯುವುದು ಆ ಸೊನ್ನೆಯನ್ನು ನೋಡಿ. ನೀವು ಎಣಿಸಿ ಕೊಡುವುದು ನಾನೂರನ್ನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಮ್ಮ ಕಾಸರಗೋಡಿನವರಿಗೆ ಇನ್ನೊಂದು ಕಾರಣವೂ ಇದೆ. 2025ರ ಜುಲೈಯಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 2ಕ್ಕಿಂತ ಕೆಳಗಿತ್ತು. ಅದೇ ತಿಂಗಳು ಕೇರಳದಲ್ಲಿ ಅದು ಶೇ. 8 ದಾಟಿತ್ತು. ತರಕಾರಿ, ಬೇಳೆಗಳು ಅಗ್ಗವಾಗಿದ್ದರಿಂದ ದೇಶದ ಸರಾಸರಿ ಕುಸಿಯಿತು. ಒಗ್ಗರಣೆಯಿಂದ ತಲೆಗೆ ಹಚ್ಚುವವರೆಗೆ ತೆಂಗಿನೆಣ್ಣೆಯನ್ನೇ ನಂಬಿದ ನಮ್ಮ ಮನೆಗಳಲ್ಲಿ ಆ ಸರಾಸರಿಗೆ ಏನು ಬೆಲೆ? ಆ ಮಳೆಗಾಲದಲ್ಲಿ ಎಣ್ಣೆ ಲೀಟರಿಗೆ ನಾನೂರು ದಾಟಿತ್ತು.

ಅದು ಏರಿದ್ದು ಏಕೆಂದು ನಮ್ಮ ಅಂಗಳದಲ್ಲೇ ಕಾಣುತ್ತಿತ್ತು. ಎಣ್ಣೆ ಮಿಲ್ಲಿಗೆ ಕೊಂಡೊಯ್ಯುವ ಮೊದಲು ಕೊಬ್ಬರಿ ಒಣಗಿದೆಯೇ ಎಂದು ಹೋಳು ಮುರಿದು ನೋಡುವುದು ನನ್ನ ಅಭ್ಯಾಸ. ಆ ಸಲ ಕಾಯಿ ಸಣ್ಣ, ತಿರುಳು ತೆಳು; ಬೆರಳಿಗೆ ಎಣ್ಣೆಯ ಪಸೆ ತಾಗುವುದೂ ಕಡಿಮೆ. ಹಿಂದಿನ ಬೇಸಗೆಗಳ ಬಿಸಿಲು ತೆಂಗಿನ ಹೂಗೊಂಚಲನ್ನು, ಅಂದರೆ ಹಿಂಗಾರವನ್ನು, ಸುಟ್ಟದ್ದರ ಫಲ ಅದು. ಎಳನೀರಿನ ಬೊಂಡಕ್ಕೆ ಒಳ್ಳೆಯ ದರವಿದ್ದುದರಿಂದ ಬಲಿಯುವ ಮುನ್ನವೇ ಕೊಯ್ಯಿಸಿದವರೂ ಇದ್ದಾರೆ, ಅವರನ್ನು ದೂರಲಾರೆ. ಸಾಲದ್ದಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರವು ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಆಮದು ಸುಂಕ ಏರಿಸಿತು. ತೆಂಗಿನೆಣ್ಣೆ ಬಿಟ್ಟು ಬೇರೆಯದಕ್ಕೆ ಹೋಗೋಣವೆಂದರೆ ಅದೂ ಅಗ್ಗವಾಗಿ ಉಳಿಯಲಿಲ್ಲ.

ಬೇಡಿಕೆ ಅತಿಯಾಗಿ ಬೆಲೆ ಏರಿದಾಗ ರಿಸರ್ವ್ ಬ್ಯಾಂಕಿನ ಬಳಿ ಮದ್ದಿದೆ. 2022ರ ಏಪ್ರಿಲಿನಲ್ಲಿ ಹಣದುಬ್ಬರ ಶೇ. 7.79ಕ್ಕೆ ಏರಿದ ಮೇಲೆ ಅದು ಶೇ. 4 ಇದ್ದ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 2023ರ ಫೆಬ್ರವರಿಯೊಳಗೆ 6.5ಕ್ಕೆ ಒಯ್ದಿತು. ಸಾಲ ದುಬಾರಿಯಾದರೆ ಜನ ಖರ್ಚಿನಲ್ಲಿ ಕೈ ಬಿಗಿಹಿಡಿಯುತ್ತಾರೆ, ಬೆಲೆಯ ಓಟ ನಿಧಾನವಾಗುತ್ತದೆ. ಆದರೆ ಬಡ್ಡಿ ಏರಿಸಿದರೆ ತೆಂಗಿನ ಮರ ಹೆಚ್ಚು ಕಾಯಿ ಬಿಡುತ್ತದೆಯೇ?

ಪರಿಣಾಮದ ಮಾತಿಗೆ ಬಂದಾಗ ‘ಎಲ್ಲರಿಗೂ ಕಷ್ಟ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಥಿರ ಬಡ್ಡಿಗೆ ಸಾಲ ಮಾಡಿ ಅಡಿಕೆ ತೋಟ ಎಬ್ಬಿಸಿದವನಿಗೆ ಅಡಿಕೆಯ ದರ ಏರಿದಂತೆ ಕಂತು ಹಗುರವಾಗುತ್ತದೆ. ಸರಕಾರಿ ನೌಕರರಿಗೆ ಬೆಲೆಯೇರಿಕೆಗೆ ತಕ್ಕಂತೆ ಏರುವ ತುಟ್ಟಿಭತ್ಯೆ ಇದೆ, ತಡವಾದರೂ ಬರುತ್ತದೆ. ನನ್ನ ಪಿಂಚಣಿಗೂ ಅದು ಸೇರುತ್ತದೆ.

ನೆರೆಮನೆಯ ಅಕ್ಕನಿಗೆ ಆ ಆಸರೆ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬೀಡಿ ಕಟ್ಟಿದವರು. ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸಿ ಕತ್ತರಿಸಿ ಬಲಗೈ ಹೆಬ್ಬೆರಳು ಇಂದಿಗೂ ನೆಟ್ಟಗಾಗುವುದಿಲ್ಲ. ಅವರಿಗೆ ಬರುವುದು ಭವಿಷ್ಯನಿಧಿಯ ಕನಿಷ್ಠ ಪಿಂಚಣಿ. ಆ ಕನಿಷ್ಠವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ತುಟ್ಟಿಭತ್ಯೆ ಅದಕ್ಕಿಲ್ಲ. 2025ರ ಹೊತ್ತಿಗೆ ಆ ಸಾವಿರ ಕೊಳ್ಳುವುದು 2014ರ ಸುಮಾರು ಆರುನೂರು ರೂಪಾಯಿ ಕೊಳ್ಳುತ್ತಿದ್ದಷ್ಟನ್ನೇ. ಅವರ ಕೈಯಿಂದ ಯಾರೂ ನಾನೂರು ರೂಪಾಯಿ ಕಿತ್ತುಕೊಳ್ಳಲಿಲ್ಲ, ಪಾಸ್‌ಪುಸ್ತಕದಲ್ಲೂ ಕಡಿತ ಕಾಣುವುದಿಲ್ಲ. ಆದರೂ ಹೋಗಿದೆ. ಬೆಲೆ ಸೂಚ್ಯಂಕದ ಜೊತೆ ಈ ಪಿಂಚಣಿಯೂ ಏರಬೇಕೆಂದು ನಾನು ಸಿಕ್ಕಸಿಕ್ಕಲ್ಲಿ ಹೇಳುತ್ತಾ ಬಂದಿದ್ದೇನೆ, ಮುಂದೆಯೂ ಹೇಳುತ್ತೇನೆ.

ಮೊನ್ನೆ ಅಂಗಡಿಯಲ್ಲಿ ಅಕ್ಕ ಕಾಲು ಲೀಟರಿನ ಬಾಟಲಿ ಚಾಚಿ, “ಇದರಲ್ಲಿ ಅರ್ಧ ಸಾಕು” ಎಂದರು. ಮೊದಲೆಲ್ಲ ಅವರು ತರುತ್ತಿದ್ದುದು ಒಂದು ಲೀಟರಿನ ಬಾಟಲಿ.